ಹುಟ್ಟುವ ಮಗುವಿಗೆ ಕೈಯಾರೆ ಏನು ಮಾಡಿಕೊಡಲಿ? ಹೊದಿಕೆ, ಕುಲಾವಿ, ಗೊಂಬೆ, ಗಿಲಕಿಗಳ ನಡುವೆ ಆರಿಸಿಕೊಳ್ಳುವುದು ಹೇಗೆ

ನನ್ನ ತಂಗಿಗೆ ಮೊದಲ ಮಗು ಹುಟ್ಟಿದಾಗ ನಾನು ಎರಡು ಉಡುಗೊರೆ ಕೊಟ್ಟಿದ್ದೆ. ಒಂದು, ಕೆನೆ ಬಣ್ಣದ ಉಲ್ಲನ್ ಹೊದಿಕೆ. ಮೂರು ತಿಂಗಳು ಕೂತು ಹೆಣೆದದ್ದು, ಸುತ್ತಲೂ ಚಿಪ್ಪಿನ ಆಕಾರದ ಅಂಚು. ಇನ್ನೊಂದು, ಮಿಕ್ಕ ಹತ್ತಿ ಬಟ್ಟೆಯಲ್ಲಿ ಒಂದೇ ಸಂಜೆ ಹೊಲಿದ ಆರು ಹೆಗಲುಬಟ್ಟೆ. ಹಾಲು ಕುಡಿಸಿದ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ತೇಗಿಸುತ್ತಾರಲ್ಲ, ಆಗ ಹೆಗಲ ಮೇಲೆ ಹಾಸಿಕೊಳ್ಳುವ ತುಂಡು. ಹೊದಿಕೆಯನ್ನು ಎಲ್ಲರೂ ಮುಟ್ಟಿ ಮುಟ್ಟಿ ಹೊಗಳಿದರು. ಆಮೇಲೆ ಅದು ಬೀರು ಸೇರಿತು. ಹೆಗಲುಬಟ್ಟೆಗಳನ್ನು ಯಾರೂ ಹೊಗಳಲಿಲ್ಲ. ಅವು ಒಗೆದು ಒಗೆದು ಬಣ್ಣ ಬಿಟ್ಟು, ಕೊನೆಗೆ ಮೇಜು ಒರೆಸುವ ಬಟ್ಟೆಯಾದವು.

ಒಂದು ದಿನ ತಂಗಿ ಹೇಳಿದಳು, “ಆ ಹೊದಿಕೆ ಒಗೆಯೋಕೆ ಭಯ ಆಗುತ್ತೆ ಅಕ್ಕಾ. ಅಷ್ಟು ಕಷ್ಟಪಟ್ಟು ಮಾಡಿದ್ದೀಯ, ಹಾಳಾದ್ರೆ?” ಅಲ್ಲಿಂದ ನನ್ನ ಲೆಕ್ಕ ಬದಲಾಯಿತು. ಈಗ ಯಾರಾದರೂ ಬಂದು ಮಗುವಿಗೆ ಏನು ಮಾಡಿಕೊಡಲಿ ಅಂತ ಕೇಳಿದರೆ, ನಾನು ಮೊದಲು ಕೇಳುವುದು ಒಂದೇ: ಅದನ್ನು ಒಗೆಯುವವರು ಯಾರು? ನಿದ್ದೆಯಿಲ್ಲದ ಬಾಣಂತಿಯೋ, ಮೆಷೀನೋ? ಬಣ್ಣ, ಡಿಸೈನು ಎಲ್ಲ ಆಮೇಲೆ.

ಮೊದಲು ದಿನದ ಲೆಕ್ಕ

ಡಾಕ್ಟರ್ ಕೊಟ್ಟ ತಾರೀಖಿಗೇ ಸರಿಯಾಗಿ ಹುಟ್ಟುವ ಮಕ್ಕಳು ನೂರಕ್ಕೆ ಸುಮಾರು ಐದು ಅಷ್ಟೇ. 37ನೇ ವಾರದಿಂದ 42ನೇ ವಾರದೊಳಗೆ ಯಾವಾಗ ಬೇಕಾದರೂ ಬರಬಹುದು. ಹಾಗಾಗಿ 36ನೇ ವಾರಕ್ಕೇ ಕೆಲಸ ಮುಗಿಯಬೇಕು ಅಂತ ಇಟ್ಟುಕೊಳ್ಳಿ. ಒಂದು ಸಂಜೆ ಮಾತ್ರ ಇದೆಯಾ? ಹೆಗಲುಬಟ್ಟೆ, ಅಥವಾ ಅಂಚು ಹೊಲಿದ ಮಸ್ಲಿನ್ (ತೆಳು ಹತ್ತಿ ಬಟ್ಟೆ) ಚೌಕ. ಒಂದು ವಾರ ಇದ್ದರೆ ಕುಲಾವಿ, ಬಟ್ಟೆ ಚೆಂಡು. ಎರಡು ತಿಂಗಳಿದ್ದರೆ ಮಾತ್ರ ಹೊದಿಕೆಗೆ ಕೈ ಹಾಕಿ. ಮಗು ಹುಟ್ಟಿದ ಮೇಲೆ ಸುದ್ದಿ ಗೊತ್ತಾಯಿತೋ, ಅವಸರ ಬೇಡ. ಆರು ತಿಂಗಳ ಮಗುವಿಗೆ ಆಗುವಂಥದ್ದು ಮಾಡಿ. ಹುಟ್ಟಿದ ವಾರದಲ್ಲಿ ಎಲ್ಲರೂ ತರುತ್ತಾರೆ, ಆರನೇ ತಿಂಗಳಲ್ಲಿ ಯಾರೂ ತರುವುದಿಲ್ಲ.

ಹೊದಿಕೆಯೋ, ಹೆಗಲುಬಟ್ಟೆಯೋ?

ಹೊದಿಕೆ ಅಂದ ತಕ್ಷಣ ಕಣ್ಣಮುಂದೆ ಬರುವುದು ತೊಟ್ಟಿಲಲ್ಲಿ ಬೆಚ್ಚಗೆ ಹೊದ್ದು ಮಲಗಿದ ಕೂಸು. ಆದರೆ ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆ ‘ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್’ ಹೇಳುವುದು ಬೇರೆ: ಮಗು ಅಂಗಾತ ಮಲಗಬೇಕು, ಗಟ್ಟಿ ಹಾಸಿಗೆ ಇರಬೇಕು, ಮೊದಲ ವರ್ಷ ಮಲಗುವ ಜಾಗದಲ್ಲಿ ಸಡಿಲ ಹೊದಿಕೆ, ದಿಂಬು, ಮೆತ್ತನೆ ಗೊಂಬೆ ಯಾವುದೂ ಬೇಡ. ಉಸಿರು ಕಟ್ಟುವ ಅಪಾಯ, ಮೈ ಜಾಸ್ತಿ ಬಿಸಿಯಾಗುವ ಅಪಾಯ, ಎರಡೂ ಇವೆ. ತೊಟ್ಟಿಲ ಸುತ್ತ ಕಟ್ಟುವ ಮೆತ್ತೆಯನ್ನಂತೂ ಅಮೆರಿಕದಲ್ಲಿ 2022ರಲ್ಲಿ ಕಾನೂನು ಮಾಡಿ ನಿಷೇಧಿಸಿದರು. ನಾನೂ ಒಂದು ಕಾಲದಲ್ಲಿ ಅಂಥ ಮೆತ್ತೆ ಹೊಲಿದುಕೊಟ್ಟಿದ್ದೇನೆ, ಸುತ್ತಲೂ ಮೋಡದ ಚಿತ್ರ ಹಾಕಿ. ಗೊತ್ತಿರಲಿಲ್ಲ.

ಹಾಗಂತ ಹೊದಿಕೆ ಮಾಡಲೇಬಾರದು ಅಂತಲ್ಲ. ಎತ್ತಿಕೊಂಡು ಕೂತಾಗ ಹೊದಿಸಲು, ತಳ್ಳುಗಾಡಿಯಲ್ಲಿ ಎಚ್ಚರವಾಗಿರುವಾಗ ಕಾಲ ಮೇಲೆ ಹಾಕಲು, ನೆಲಕ್ಕೆ ಹಾಸಿ ಬೋರಲು ಹಾಕಿ ಆಡಿಸಲು ಅದು ಬೇಕು. ಆದರೆ ಈ ಕೆಲಸಗಳಿಗೆ ಬೇಕಾದ ಅಳತೆ ಬೇರೆ. 75 ಸೆಂ.ಮೀ. ಚೌಕ ಸಾಕು. ನೆಲಕ್ಕೆ ಹಾಸುವುದಾದರೆ 100 ಸೆಂ.ಮೀ. ಮಾಡಿ, ಹಳೆ ಹತ್ತಿ ಬಟ್ಟೆಯನ್ನು ಪದರ ಪದರವಾಗಿ ಇಟ್ಟು ಕೌದಿಯ ಹಾಗೆ ಹೊಲಿದರೆ ಇನ್ನೂ ಚೆಂದ. ಕ್ರೋಶಾದಲ್ಲಿ, ಅಂದರೆ ಒಂದೇ ಕೊಕ್ಕೆ ಕಡ್ಡಿಯ ಹೆಣಿಗೆಯಲ್ಲಿ, ದೊಡ್ಡ ದೊಡ್ಡ ತೂತಿನ ಡಿಸೈನು ಮಾತ್ರ ಬೇಡ. ನೋಡಲು ಲೇಸಿನಂತೆ ಕಾಣುತ್ತದೆ ನಿಜ. ಎಳೆ ಬೆರಳು ಅದರಲ್ಲಿ ಸಿಕ್ಕಿಕೊಂಡರೆ ಬಿಡಿಸುವುದು ಸುಲಭವಲ್ಲ.

ಈಗ ಹೆಗಲುಬಟ್ಟೆ. ಇದಕ್ಕೆ ನನ್ನ ಪೂರ್ತಿ ಓಟು, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮುಗಿದ ಮೇಲೆ 25 ಸೆಂ.ಮೀ. ಅಗಲ, 50 ಸೆಂ.ಮೀ. ಉದ್ದ ಇರಬೇಕು. ಮುಂದೆ ಎದೆಯವರೆಗೆ, ಹಿಂದೆ ಬೆನ್ನಿನವರೆಗೆ ಬರುವಷ್ಟು. ಮಗು ಹಾಲು ಕಕ್ಕುವುದು ಯಾವಾಗಲೂ ಬೆನ್ನ ಕಡೆಗೆ! ಒಂದು ಕಡೆ ಮಾಮೂಲಿ ಹತ್ತಿ ಬಟ್ಟೆ, ಇನ್ನೊಂದು ಕಡೆ ಫ್ಲಾನೆಲ್ ಅಥವಾ ಟರ್ಕಿ ಟವೆಲ್ ಬಟ್ಟೆ. ಕತ್ತರಿಸುವ ಮೊದಲು ಎರಡನ್ನೂ ಬಿಸಿನೀರಲ್ಲಿ ಒಗೆದು ಒಣಗಿಸಿ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೇ ಸಣ್ಣದಾಗುತ್ತದೆ. ಎರಡು ಬಟ್ಟೆ ಬೇರೆ ಬೇರೆ ಲೆಕ್ಕದಲ್ಲಿ ಕುಗ್ಗಿದರೆ ಹೊಲಿದದ್ದು ಹಪ್ಪಳದ ಹಾಗೆ ಮುದುಡುತ್ತದೆ. ಒಳಮೈ ಹೊರಗೆ ಮಾಡಿ ಸುತ್ತ ಹೊಲಿಯಿರಿ, ಒಂದು ಕಡೆ 8 ಸೆಂ.ಮೀ. ಬಾಯಿ ಬಿಡಿ. ಮೂಲೆಗಳನ್ನು ಓರೆಯಾಗಿ ಕತ್ತರಿಸಿ, ಬಾಯಿಯಿಂದ ತಿರುಗಿಸಿ, ಪೆನ್ಸಿಲ್ಲಿನ ಹಿಂಬದಿಯಿಂದ ಮೂಲೆ ತಳ್ಳಿ, ಇಸ್ತ್ರಿ ಮಾಡಿ, ಅಂಚಿಗೆ ಮತ್ತೊಂದು ಹೊಲಿಗೆ ಹಾಕಿ. ಆ ಕೊನೆಯ ಹೊಲಿಗೆಯೇ ಬಾಯಿಯನ್ನೂ ಮುಚ್ಚುತ್ತದೆ. ಒಂದಕ್ಕೆ ಅರ್ಧ ಗಂಟೆ. ಒಂದನ್ನೇ ಕೊಡಬೇಡಿ, ಆರು ಕೊಡಿ. ದಿನಕ್ಕೆ ಮೂರು ನಾಲ್ಕು ಬೇಕಾಗುತ್ತವೆ.

ಅಂಗಿ ಒದ್ದೆಯಾಗದಂತೆ ಮಗುವಿನ ಎದೆಗೆ ಹಾಕುವ ಬಿಬ್ ಕೂಡ ಇದೇ ಜಾತಿ. ಆದರೆ ಅದು ಬೇಕಾಗುವುದು ಜೊಲ್ಲು ಶುರುವಾದ ಮೇಲೆ, ಸುಮಾರು ಮೂರನೇ ತಿಂಗಳಿಂದ. ಕುತ್ತಿಗೆಗೆ ಲಾಡಿ ಕಟ್ಟುವ ಬಿಬ್ ಮಾಡಬೇಡಿ. ಎಳೆದರೆ ಬಿಟ್ಟುಕೊಳ್ಳುವ ಪ್ರೆಸ್ ಬಟನ್ ಒಳ್ಳೆಯದು. ವೆಲ್ಕ್ರೋ ಸುಲಭ, ಆದರೆ ಮೆಷೀನಿನಲ್ಲಿ ಅದು ಪಕ್ಕದ ಬಟ್ಟೆಗಳನ್ನೆಲ್ಲ ಕಚ್ಚಿ ಎಳೆಯುತ್ತದೆ. ಯಾವುದೇ ಇರಲಿ, ಮಲಗಿಸುವಾಗ ಬಿಚ್ಚಿಡಬೇಕು.

ದಾರದ ಜಗಳ

ಹೆಣೆಯುವವರ ನಡುವೆ ಇದು ಮುಗಿಯದ ಜಗಳ: ಹತ್ತಿ ದಾರವೋ, ಅಕ್ರಿಲಿಕ್ಕೋ, ಉಣ್ಣೆಯೋ?

ಹತ್ತಿ ಬೆವರು ಹೀರುತ್ತದೆ, ಬಿಸಿನೀರಿಗೆ ಹೆದರುವುದಿಲ್ಲ, ಬಾಯಿಗೆ ಹಾಕಿಕೊಂಡರೂ ನೂಲು ಉದುರುವುದಿಲ್ಲ. ಆದರೆ ಎಳೆದರೆ ಹಿಗ್ಗಿ ಮತ್ತೆ ಮೊದಲಿನಂತಾಗುವ ಗುಣ ಅದಕ್ಕಿಲ್ಲ. ಕುಲಾವಿಯ ಅಂಚು ಹತ್ತಿಯದಾದರೆ ಒಂದು ವಾರಕ್ಕೇ ಸಡಿಲವಾಗಿ ಕಣ್ಣ ಮೇಲೆ ಜಾರುತ್ತದೆ. ದೊಡ್ಡ ಹೊದಿಕೆಯಾದರೆ ಒದ್ದೆಯಾದಾಗ ಕಲ್ಲಿನಷ್ಟು ಭಾರ, ಒಣಗಲು ಎರಡು ದಿನ.

ಅಕ್ರಿಲಿಕ್ ಹಗುರ, ಬಣ್ಣಕ್ಕೆ ಕೊನೆಯಿಲ್ಲ, ಮೆಷೀನಿಗೆ ಹಾಕಿದರೂ ಅಲುಗಾಡುವುದಿಲ್ಲ. ನಾವು ಉಲ್ಲನ್ ಅಂತ ಕರೆದು ತರುವ ದಾರದಲ್ಲಿ ಎಷ್ಟೋ ಪಾಲು ನಿಜಕ್ಕೂ ಇದೇ. ಚೀಟಿ ಓದಿದರೆ ಗೊತ್ತಾಗುತ್ತದೆ. ತೊಂದರೆ ಏನೆಂದರೆ ಬೆವರು ಹೀರುವುದಿಲ್ಲ. ಮತ್ತೆ ಇದು ಪ್ಲಾಸ್ಟಿಕ್ಕಿನ ಜಾತಿ, ಬಿಸಿಗೆ ಕರಗುತ್ತದೆ. ಇಸ್ತ್ರಿ ಪೆಟ್ಟಿಗೆ ತಾಗಿಸಿದರೆ ಹೆಣಿಗೆ ಚಪ್ಪಟೆಯಾಗಿ ಜೀವ ಹೋದಂತೆ ಜೋತುಬೀಳುತ್ತದೆ. ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ.

ಉಣ್ಣೆ ಬೆಚ್ಚಗಿಡುತ್ತದೆ, ತೇವ ಹೀರಿದರೂ ತಣ್ಣಗಾಗುವುದಿಲ್ಲ, ಬೆಂಕಿ ಬೇಗ ಹಿಡಿಯುವುದಿಲ್ಲ. ಗುಣದಲ್ಲಿ ಮೂರರಲ್ಲಿ ದೊಡ್ಡದು ಇದೇ. ಆದರೆ ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂಥ ಪದರಗಳಿರುತ್ತವೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದಂತೆ ಗಟ್ಟಿಯಾಗುತ್ತವೆ. ಹೋದದ್ದು ಮಗುವಿನ ಸ್ವೆಟರ್, ಬಂದದ್ದು ಬೊಂಬೆಯ ಸ್ವೆಟರ್. ‘ಸೂಪರ್‌ವಾಶ್’ ಅಂತ ಬರೆದ ಉಣ್ಣೆಯಲ್ಲಿ ಆ ಪದರಗಳನ್ನು ಮೊದಲೇ ಮಟ್ಟ ಮಾಡಿರುತ್ತಾರೆ, ಅದನ್ನು ಮೆಷೀನಿಗೆ ಹಾಕಬಹುದು.

ನನ್ನ ತೀರ್ಮಾನ: ಬಾಯಿಗೆ ಹೋಗುವಂಥದ್ದು, ದಿನಾ ಒಗೆಯುವಂಥದ್ದು ಹತ್ತಿಯಲ್ಲಿ. ಕುಲಾವಿ, ಸ್ವೆಟರ್ ಸೂಪರ್‌ವಾಶ್ ಉಣ್ಣೆಯಲ್ಲಿ. ತಳ್ಳುಗಾಡಿಯ ಹೊದಿಕೆ ಹತ್ತಿ ಮತ್ತು ಅಕ್ರಿಲಿಕ್ ಬೆರೆಸಿದ ದಾರದಲ್ಲಿ. ಮೊಹೇರ್, ಅಂಗೋರಾದಂಥ ಕೂದಲು ಕೂದಲಾದ ದಾರ ಬೇಡವೇ ಬೇಡ, ಎಳೆ ಉದುರಿ ಮೂಗಿಗೆ ಬಾಯಿಗೆ ಹೋಗುತ್ತದೆ.

ಇನ್ನೊಂದು ಮಾತು. ಕಡ್ಡಿಯಲ್ಲಿ ಹೆಣೆಯುವುದಕ್ಕಿಂತ ಕ್ರೋಶಾಗೆ ದಾರ ಜಾಸ್ತಿ ಹಿಡಿಯುತ್ತದೆ. ಆದರೆ ಕೈ ಓಡುತ್ತದೆ, ಮತ್ತು ತಪ್ಪಾದರೆ ಬಿಚ್ಚುವುದು ಸುಲಭ. ಕಡ್ಡಿಯ ಹೆಣಿಗೆ ತೆಳ್ಳಗೆ, ಮೈಗೆ ಒಗ್ಗುವಂತೆ ಬರುತ್ತದೆ. ಮೈಗೆ ಹಾಕುವುದಕ್ಕೆ ಕಡ್ಡಿ, ಗೊಂಬೆಗೆ ಕ್ರೋಶಾ. ಎರಡೂ ಬರದಿದ್ದರೆ ಹೊಲಿಗೆ ಇದ್ದೇ ಇದೆ.

ಕುಲಾವಿ, ಕಾಲುಚೀಲ, ಕೈಗವಸು

ಹುಟ್ಟಿದ ಮಗುವಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ. ವರ್ಷ ತುಂಬುವ ಹೊತ್ತಿಗೆ ಅದು 46ರ ಹತ್ತಿರ. ಮೊದಲ ಮೂರು ತಿಂಗಳಲ್ಲೇ 5 ಸೆಂ.ಮೀ.ಯಷ್ಟು ಬೆಳೆದುಬಿಡುತ್ತದೆ. ನಾನು ಮೊದಲು ಹೆಣೆದ ಕುಲಾವಿ 34 ಸೆಂ.ಮೀ. ಇತ್ತು, ಹಿಗ್ಗದ ದಾರದಲ್ಲಿ. ತಂಗಿ ಫೋಟೋ ಕಳಿಸಿದ್ದಳು. ಮಗುವಿನ ಹಣೆಯ ಮೇಲೆ ಕೆಂಪಗೆ ಹೊಲಿಗೆಯ ಗೆರೆ ಮೂಡಿತ್ತು. ಆ ಫೋಟೋ ನಾನಿನ್ನೂ ಅಳಿಸಿಲ್ಲ, ಬುದ್ಧಿ ಬರಲಿ ಅಂತ.

ಅಂಚು ರಬ್ಬರಿನ ಹಾಗೆ ಹಿಗ್ಗುವಂತೆ ಒಂದು ನೇರ, ಒಂದು ಉಲ್ಟಾ ಹೆಣಿಗೆ ಹಾಕಿ. ತಲೆಯ ಅಳತೆಗಿಂತ ಎರಡು ಮೂರು ಸೆಂ.ಮೀ. ಕಡಿಮೆ ಇದ್ದರೆ ಜಾರದೆ ಕೂರುತ್ತದೆ. ಹುಟ್ಟಿದ ಅಳತೆಯದು ಒಂದು ಸಾಕು. ಮಾಡುವುದಾದರೆ ಎರಡನೆಯದು 40 ಸೆಂ.ಮೀ. ತಲೆಗೆ ಮಾಡಿ, ಹೆಚ್ಚು ದಿನ ಬರುವುದು ಅದೇ. ಮೇಲೆ ಉಂಡೆ, ಗೊಂಚಲು ಯಾವುದೂ ಬೇಡ, ಗಲ್ಲದ ಕೆಳಗೆ ಉದ್ದ ಲಾಡಿಯೂ ಬೇಡ. ಕುಲಾವಿ ಹೊರಗೆ ಹೋಗುವಾಗಿನ ಉಡುಪು. ಮನೆಯೊಳಗೆ ಮಲಗಿಸುವಾಗ ತಲೆ ಬರಿದಾಗಿರಲಿ ಅನ್ನುತ್ತಾರೆ ವೈದ್ಯರು, ಮಗುವಿನ ಮೈಯ ಹೆಚ್ಚುವರಿ ಬಿಸಿ ತಲೆಯಿಂದಲೂ ಹೊರಹೋಗುತ್ತದೆ, ಮುಚ್ಚಿದರೆ ಮೈ ಜಾಸ್ತಿ ಬಿಸಿಯಾಗಬಹುದು.

ಕಾಲುಚೀಲದ ವಿಷಯದಲ್ಲಿ ನಾನು ಸ್ವಲ್ಪ ನಿಷ್ಠುರ. ಅಷ್ಟು ಮುದ್ದಾದ ವಸ್ತು ಇನ್ನೊಂದಿಲ್ಲ, ಅಷ್ಟು ಬೇಗ ಕಳೆದುಹೋಗುವ ವಸ್ತುವೂ ಇನ್ನೊಂದಿಲ್ಲ. ಎರಡು ಒದೆತಕ್ಕೆ ಒಂದು ಮಾಯ. ಮಾಡಲೇಬೇಕು ಅನ್ನಿಸಿದರೆ ಪಾದದ ಉದ್ದ 8 ರಿಂದ 9 ಸೆಂ.ಮೀ. ಇಟ್ಟುಕೊಂಡು, ಹಿಮ್ಮಡಿಯಿಂದ ಮೇಲೆ ಉದ್ದನೆ ಕೊಳವೆ ಹೆಣೆಯಿರಿ. ಆಮೇಲೆ, ಇದನ್ನು ದಯವಿಟ್ಟು ಮರೆಯಬೇಡಿ, ಚೀಲವನ್ನು ಒಳಗಿನದು ಹೊರಗೆ ಮಾಡಿ ಬೆರಳು ಹಾಕಿ ತಡಕಿ ನೋಡಿ. ಒಳಗೆ ಒಂದು ಎಳೆ ಸಡಿಲವಿದ್ದರೂ ಅದು ಮಗುವಿನ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತ ಕಟ್ಟಿಸಬಹುದು. ಮಗು ಅಳುತ್ತದೆ, ಯಾಕೆ ಅಂತ ಯಾರಿಗೂ ತಿಳಿಯುವುದಿಲ್ಲ, ಚೀಲ ಬಿಚ್ಚಿ ನೋಡಬೇಕು ಅಂತ ಹೊಳೆಯುವುದೂ ಇಲ್ಲ. ಕೂದಲಿನಿಂದಲೂ ಹೀಗಾಗುತ್ತದೆ. ಕೈಗವಸಿಗೂ ಇದೇ ಮಾತು. ಅದನ್ನಂತೂ ನಾನು ಮಾಡುವುದೇ ಬಿಟ್ಟಿದ್ದೇನೆ, ಮಗು ಲೋಕ ತಿಳಿಯುವುದೇ ಕೈಬೆರಳಿಂದ.

ಆಟಿಕೆ: ಗೊಂಬೆ, ಚೆಂಡು, ಗಿಲಕಿ

ಇಲ್ಲಿ ಎಲ್ಲರ ಮನಸ್ಸು ಓಡುವುದು ಕ್ರೋಶಾ ಗೊಂಬೆಯ ಕಡೆಗೆ. ಕರಡಿ, ಮೊಲ, ಆನೆ. ಮಾಡಿ, ಖುಷಿಯಾಗುತ್ತದೆ. ಆದರೆ ಕಣ್ಣಿಗೆ ಗುಂಡಿ, ಮಣಿ ಹೊಲಿಯಬೇಡಿ. ‘ಸೇಫ್ಟಿ ಐ’ ಅಂತ ಹಿಂದಿನಿಂದ ಬಿಗಿಯುವ ಪ್ಲಾಸ್ಟಿಕ್ ಕಣ್ಣು ಸಿಗುತ್ತದೆ. ಹೆಸರಲ್ಲಿ ಸೇಫ್ಟಿ ಇದೆ, ಆದರೆ ಸಣ್ಣ ಮಕ್ಕಳಿಗೆ ಅದೂ ಸಲ್ಲ. ಸುತ್ತಲಿನ ಹೆಣಿಗೆ ಹಿಗ್ಗಿದರೆ ಕಣ್ಣು ಪೂರ್ತಿ ಹೊರಗೆ ಬರುತ್ತದೆ. ಕಪ್ಪು ದಾರದಲ್ಲಿ ಕಸೂತಿ ಕಣ್ಣು ಹಾಕಿ. ಆಟಿಕೆಯ ಪರೀಕ್ಷೆಯಲ್ಲಿ ಬಳಸುವ ಕೊಳವೆಯ ಅಗಲ 31.7 ಮಿ.ಮೀ. ಅದರೊಳಗೆ ಇಳಿಯುವ ಚೂರು 3 ವರ್ಷದೊಳಗಿನ ಮಗುವಿನ ಆಟಿಕೆಯಲ್ಲಿ ಇರುವಂತಿಲ್ಲ. ಮನೆಯಲ್ಲಿ ಟಾಯ್ಲೆಟ್ ಪೇಪರ್ ಸುರುಳಿಯ ರಟ್ಟಿನ ಕೊಳವೆ ಇಟ್ಟುಕೊಳ್ಳಿ. ಅದು ಇನ್ನೂ ಸ್ವಲ್ಪ ಅಗಲ, ಹಾಗಾಗಿ ಇನ್ನೂ ಕಟ್ಟುನಿಟ್ಟು. ಗೊಂಬೆಗೆ ದಾರದ ಚೀಟಿಯಲ್ಲಿ ಹೇಳಿದ್ದಕ್ಕಿಂತ ಒಂದು ನಂಬರ್ ಸಣ್ಣ ಕ್ರೋಶಾ ಕಡ್ಡಿ ಹಿಡಿಯಿರಿ, ಹೆಣಿಗೆ ಬಿಗಿಯಾಗಿ ಬಂದು ಒಳಗಿನ ಹತ್ತಿ ಇಣುಕುವುದಿಲ್ಲ.

2013ರಲ್ಲಿ ಡೆನ್ಮಾರ್ಕಿನಲ್ಲಿ ಅವಧಿಗೆ ಮುಂಚೆ ಹುಟ್ಟಿದ ಕೂಸುಗಳಿಗೆ ಕ್ರೋಶಾ ಆಕ್ಟೋಪಸ್ ಹೆಣೆದು ಕೊಡುವ ಕೆಲಸ ಶುರುವಾಗಿ, ಆಮೇಲೆ ಬೇರೆ ದೇಶಗಳಿಗೂ ಹರಡಿತು. ಕೂಸು ಅದರ ಸುರುಳಿ ಕಾಲು ಹಿಡಿದುಕೊಂಡರೆ ಹೊಕ್ಕುಳಬಳ್ಳಿ ಹಿಡಿದಷ್ಟು ನೆಮ್ಮದಿ, ಮೈಗೆ ಹಾಕಿದ ನಳಿಕೆಗಳನ್ನು ಕಿತ್ತುಕೊಳ್ಳುವುದಿಲ್ಲ ಅನ್ನುವ ಯೋಚನೆ. ಉಸಿರಾಟವೇ ಸರಿಹೋಗುತ್ತದೆ ಅನ್ನುವವರೂ ಇದ್ದಾರೆ, ಅದಕ್ಕೆ ಗಟ್ಟಿ ಪುರಾವೆ ಇಲ್ಲ. ನನಗೆ ಇಷ್ಟವಾದದ್ದು ಅವರ ನಿಯಮ: ಪೂರ್ತಿ ಹತ್ತಿ ದಾರ, 60 ಡಿಗ್ರಿ ನೀರಲ್ಲಿ ಒಗೆಯುವಂತಿರಬೇಕು, ಎಳೆದು ಅಳೆದರೂ ಕಾಲು 22 ಸೆಂ.ಮೀ. ದಾಟಬಾರದು. ದಾಟಿದರೆ ಕುತ್ತಿಗೆ ಸುತ್ತುವ ಭಯ. ಯಾವ ಆಟಿಕೆಯ ದಾರಕ್ಕೂ ಈ ಅಳತೆ ನೆನಪಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ನರ್ಸ್‌ಗಳ ಕಣ್ಣ ಮುಂದೆ ನಡೆಯುವುದು ಬೇರೆ, ಮನೆಯಲ್ಲಿ ರಾತ್ರಿ ಮಗುವಿನ ಪಕ್ಕ ಇಡುವುದು ಬೇರೆ.

ಗೊಂಬೆಗಿಂತ ಚೆಂಡು ಮೇಲು ಅಂತ ನನ್ನ ಅನುಭವ. ಆರು ತಿಂಗಳ ಮಗುವಿಗೆ ಮೊಲ ಅಂದರೂ ಒಂದೇ, ಮೂಟೆ ಅಂದರೂ ಒಂದೇ. ಹಿಡಿಯಲು ಸಿಗಬೇಕು, ಉರುಳಬೇಕು. ಬಟ್ಟೆ ಚೂರುಗಳನ್ನು ಕಿತ್ತಳೆ ತೊಳೆಯ ಆಕಾರಕ್ಕೆ ಕತ್ತರಿಸಿ, ನಡುನಡುವೆ ಸಂದು ಬಿಟ್ಟು ಜೋಡಿಸಿದರೆ ಒಂದೇ ಕೈಯಲ್ಲಿ ಹಿಡಿಯಬಹುದಾದ ಚೆಂಡು.

ಗಿಲಕಿ ಮಾಡುವುದಾದರೆ ಸದ್ದು ಮಾಡುವ ಡಬ್ಬಿಯನ್ನು ಮೊದಲು ಗಟ್ಟಿ ಬಟ್ಟೆಯ ಚೀಲದಲ್ಲಿ ಇಟ್ಟು ಎರಡು ಸಲ ಹೊಲಿದು, ಆಮೇಲೆ ಹೆಣಿಗೆಯೊಳಗೆ ಇಡಿ. ಕಾಳು, ಬೀಜ ತುಂಬಬೇಡಿ. ಒಗೆದರೆ ಮೊಳಕೆ ಬರುತ್ತದೆ! ಹಲ್ಲು ಬರುವಾಗ ಕಚ್ಚಲು ಮರದ ಬಳೆ ಕೊಡುವುದಾದರೆ ಮೇಪಲ್, ಬೀಚ್‌ನಂಥ ಗಟ್ಟಿ ಮರ, ಬಣ್ಣ ಹಚ್ಚದ್ದು. ಹಲ್ಲು ಬರುವಾಗ ಅಂತ ಕುತ್ತಿಗೆಗೆ ಹಾಕುವ ಮಣಿಸರ ಮಾತ್ರ ಬೇಡ. ಉಸಿರು ಕಟ್ಟುತ್ತದೆ, ಮಣಿ ಗಂಟಲಿಗೆ ಹೋಗುತ್ತದೆ ಅಂತ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಎಚ್ಚರಿಸಿದೆ.

ತೂಗುಗೊಂಬೆಯೋ, ಕಪ್ಪು ಬಿಳುಪು ಕಾರ್ಡೋ?

ಹೊಸ ಕೂಸಿಗೆ ಚೆನ್ನಾಗಿ ಕಾಣುವುದು 20 ರಿಂದ 30 ಸೆಂ.ಮೀ. ದೂರದ್ದು ಮಾತ್ರ, ಅಂದರೆ ಹಾಲು ಕುಡಿಯುವಾಗ ಅಮ್ಮನ ಮುಖ ಇರುವಷ್ಟು ದೂರ. ನಾವು ಇಷ್ಟಪಟ್ಟು ಆರಿಸುವ ತಿಳಿಗುಲಾಬಿ, ತಿಳಿನೀಲಿ ಅದಕ್ಕೆ ಬೂದಿಯಂತೆ ಕಾಣಬಹುದು. ಕಪ್ಪು ಬಿಳುಪಿನ ದಪ್ಪ ಪಟ್ಟೆ, ಚೌಕ, ಸುತ್ತು ಇದ್ದರೆ ನೆಟ್ಟ ನೋಟದಿಂದ ನೋಡುತ್ತದೆ.

ತೂಗುಗೊಂಬೆ ಮಾಡುವವರಲ್ಲಿ ಮುಕ್ಕಾಲು ಪಾಲು ಜನ ಒಂದು ತಪ್ಪು ಮಾಡುತ್ತಾರೆ, ನಾನೂ ಮಾಡಿದ್ದೇನೆ. ಬಾಗಿಲಲ್ಲಿ ನಿಂತವರಿಗೆ ಚೆಂದ ಕಾಣುವಂತೆ ಮಾಡುವುದು. ತೊಟ್ಟಿಲಲ್ಲಿ ಮಲಗಿ ಮೇಲೆ ನೋಡಿ, ನಾಲ್ಕು ಆನೆಗಳ ಹೊಟ್ಟೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಚಿತ್ರ ಕೆಳಮುಖವಾಗಿರಬೇಕು. ಮಗುವಿನ ಕೈಗೆಟಕದಂತೆ ಭದ್ರವಾಗಿ ಕಟ್ಟಬೇಕು. ಐದು ತಿಂಗಳಾದಾಗ, ಅಥವಾ ಮಗು ಕೈ ಮಂಡಿ ಊರಿ ಏಳಲು ಶುರು ಮಾಡಿದಾಗ, ಯಾವುದು ಮೊದಲೋ ಆಗ ಕಳಚಬೇಕು. ಇಷ್ಟೆಲ್ಲ ಪಾಡು ಐದು ತಿಂಗಳಿಗೆ. ಅದರ ಬದಲು ದಪ್ಪ ರಟ್ಟಿನಲ್ಲಿ ಅಂಗೈಗಿಂತ ದೊಡ್ಡ ಆರು ಕಾರ್ಡ್ ಕತ್ತರಿಸಿ, ಕಪ್ಪು ಕಾಗದ ಅಂಟಿಸಿ ಕೊಡಿ. ಒಂದು ಗಂಟೆಯ ಕೆಲಸ, ಹರಿದುಹೋದರೆ ದುಃಖವೂ ಇಲ್ಲ.

ನೆನಪಿಗೆ ಇಡುವಂಥದ್ದು

ಅಂಗೈ ಅಚ್ಚು ತೆಗೆಯಲು ಹೋಗಿ ಸೋತವರು ತುಂಬ ಜನ. ಕೂಸು ಮುಷ್ಟಿ ಬಿಚ್ಚುವುದೇ ಇಲ್ಲ, ಅಂಗೈ ಮುಟ್ಟಿದರೆ ಇನ್ನೂ ಬಿಗಿಯಾಗಿ ಹಿಡಿಯುವುದು ಅದರ ಹುಟ್ಟುಗುಣ. ಮೊದಲ ತಿಂಗಳುಗಳಲ್ಲಿ ಪಾದದ ಅಚ್ಚೇ ಸಲೀಸು, ಅದೂ ನಿದ್ದೆಯಲ್ಲಿರುವಾಗ. ಮಸಿ ಅಚ್ಚು ಬೇಗ ಆಗುತ್ತದೆ, ಗೆರೆಗೆರೆಯೂ ಬರುತ್ತದೆ. ಹಿಟ್ಟು ಎರಡು ಪಾಲು, ಉಪ್ಪು ಒಂದು ಪಾಲು, ನೀರು ಒಂದು ಪಾಲಿಗಿಂತ ತುಸು ಕಡಿಮೆ ಹಾಕಿ ಕಲಸಿದ ಮುದ್ದೆಯಲ್ಲಿ ಆಳವಾದ ಅಚ್ಚು ಮೂಡುತ್ತದೆ. ಆದರೆ ಉಪ್ಪು ತೇವ ಎಳೆಯುತ್ತದೆ, ಪೂರ್ತಿ ಒಣಗಿಸಿ ವಾರ್ನಿಶ್ ಹಚ್ಚದಿದ್ದರೆ ಬೂಸಲು ಬರುತ್ತದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ ಗಟ್ಟಿಯಾಗುವಾಗ ಸುಡುವಷ್ಟು ಬಿಸಿಯಾಗುತ್ತದೆ. ಅದರಲ್ಲಿ ಯಾವತ್ತೂ ಮಗುವಿನ ಕೈಕಾಲು ಇಡಬೇಡಿ.

ಇವೆಲ್ಲಕ್ಕೂ ಒಂದು ಸಣ್ಣ ಚೀಟಿ ಜೊತೆಗಿರಲಿ: ಯಾವ ದಾರ, ಯಾವ ನೀರಲ್ಲಿ ಒಗೆಯಬೇಕು, ನೆರಳಲ್ಲಿ ಒಣಗಿಸಬೇಕಾ. ಕೆಳಗೆ “ಹಾಳಾದರೆ ಹೇಳು, ಇನ್ನೊಂದು ಮಾಡಿಕೊಡ್ತೀನಿ” ಅಂತ ಬರೆಯಿರಿ. ಕಟ್ಟುವ ಮೊದಲು ಗುಂಡುಸೂಜಿ ಎಣಿಸಿ. ಹತ್ತು ತೆಗೆದಿದ್ದರೆ ಹತ್ತೂ ಡಬ್ಬಿಗೆ ಬಂದಿರಬೇಕು.

ಮನೆಯಲ್ಲಿ ದೊಡ್ಡ ಮಗು ಒಂದಿದ್ದರೆ ಅದನ್ನು ಮರೆಯಬೇಡಿ. ಬಂದವರೆಲ್ಲ ತೊಟ್ಟಿಲ ಕಡೆ ಹೋಗುವಾಗ ಅದು ಮೂಲೆಯಲ್ಲಿ ನಿಂತಿರುತ್ತದೆ. ತಂಗಿಯ ಎರಡನೇ ಮಗುವಿಗೆ ಹೆಗಲುಬಟ್ಟೆ ಹೊಲಿಯುವಾಗ, ಅದೇ ಬಟ್ಟೆಯಲ್ಲಿ ಅಂಗೈಯಗಲದ್ದು ಒಂದು ಹೆಚ್ಚಿಗೆ ಹೊಲಿದು ದೊಡ್ಡವಳ ಕೈಗೆ ಕೊಟ್ಟೆ. ಅವಳು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿಗೆ ನೋಡಿದರೆ, ಅಮ್ಮನ ಪಕ್ಕ ಕೂತು, ಆ ತುಂಡನ್ನು ಹೆಗಲ ಮೇಲೆ ಹಾಸಿಕೊಂಡು, ಪ್ಲಾಸ್ಟಿಕ್ ಬಾತುಕೋಳಿಯ ಬೆನ್ನು ತಟ್ಟುತ್ತಿದ್ದಳು. “ದೊಡ್ಡಮ್ಮಾ, ಇದು ತೇಗ್ತಾನೇ ಇಲ್ಲ” ಅಂದಳು.